ಸಮಾರಂಭಗಳಿಗೆ ರಾ ಕಡತ ಅಗತ್ಯವೇ?

ಪ್ರಶ್ನೆ: ಸಮಾರಂಭಗಳ ಚಿತ್ರ ತೆಗೆಯುವ ನನಗೆ ರಾ ಕಡತಗಳ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಮಾಹಿತಿ) ಗಾತ್ರವೇ ಹೊರೆಯಾಗಿದೆ. ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿ ಕೊಡುವ ಜೆಪೆಗ್‌ನಲ್ಲೇ ತೆಗೆದರೆ ನಿಜವಾಗಿ ಏನನ್ನು ಕಳೆದುಕೊಳ್ಳುತ್ತೇನೆ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಜೆಪೆಗ್ 8 ಬಿಟ್‌ನದು, ಅಂದರೆ ಪ್ರತಿ ಬಣ್ಣಕ್ಕೆ 256 ಹಂತಗಳು, 14 ಬಿಟ್‌ನ ರಾ ಕಡತದಲ್ಲಿ ಅವು 16,384. ಬಿಳಿ ಉಡುಪಿನ ಮೇಲೆ ಬೆಳಕು ಹೆಚ್ಚಾಗಿ ಬಿದ್ದು ಬಟ್ಟೆಯ ಮಡಿಕೆಗಳು ಮಾಸಿದಂತೆ ಕಂಡರೂ, ಸೆನ್ಸರ್‌ನ (ಬೆಳಕನ್ನು ದಾಖಲಿಸುವ ಭಾಗ) ಮಿತಿ ಮೀರಿರದಿದ್ದರೆ ರಾ ಕಡತದಿಂದ ಅವುಗಳನ್ನು ಮರಳಿ ತರಬಹುದು. ಜೆಪೆಗ್‌ನಲ್ಲಿ ಅಲ್ಲಿ ಬರಿಯ ಬಿಳುಪು ಉಳಿದಿರುತ್ತದೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳ ಹೊಂದಾಣಿಕೆ) ತಿದ್ದುವುದೂ ರಾ ಕಡತದಲ್ಲೇ ಸಲೀಸು.

ಉತ್ತರ 2: ಒಪ್ಪುತ್ತೇನೆ. ಆದರೆ ಆಟ ಮುಗಿಯುವ ಮುನ್ನವೇ ಚಿತ್ರ ಕಳುಹಿಸಬೇಕಾದ ಕ್ರೀಡಾ ವರದಿಗೆ ಜೆಪೆಗ್ಗೇ ಸರಿ.

ಉತ್ತರ 3: ಗಾತ್ರವೇ ಚಿಂತೆಯಾದರೆ ಕ್ಯಾಮೆರಾದಲ್ಲಿ ಲಾಸ್‌ಲೆಸ್ ಕಂಪ್ರೆಷನ್ ಇದೆಯೇ ನೋಡಿ, ಗುಣಮಟ್ಟ ಕುಂದದೆ ಜಾಗ ಉಳಿಯುತ್ತದೆ. ಎರಡು ಡಿಸ್ಕ್‌ಗಳಿಗೆ ನಕಲಿಸಿ, ಕಡತಗಳನ್ನು ತೆರೆದು ನೋಡುವವರೆಗೆ ಕಾರ್ಡನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ.