ಊರಲ್ಲಿರೋ ಅಪ್ಪ ಅಮ್ಮಂಗೆ ರೀಚಾರ್ಜ್ ನಿಲ್ಸಿ ಬರೀ ವಾಟ್ಸಾಪ್ ಕಾಲ್ ಸಾಕಾಗುತ್ತಾ?

ಮಧುಗಿರಿ_ಬೆಟ್ಟ:
ನಾನು ತುಮಕೂರಲ್ಲಿ ಕೆಲ್ಸ, ಅಪ್ಪ ಅಮ್ಮ ಮಧುಗಿರಿ ಹತ್ರ ಹಳ್ಳೀಲಿ. ಬೆಟ್ಟದ ಮಗ್ಗುಲಲ್ಲೇ ಮನೆ, ಆರ್‌ಸಿಸಿ ಹಾಕಿದ್ಮೇಲಂತೂ ಒಳಗೆ ಟವರ್ ಸಿಗೋದೇ ಕಷ್ಟ, ಫೋನ್ ಬಂದ್ರೆ ಅಪ್ಪ ಹಲೋ ಹಲೋ ಅನ್ಕೊಂಡು ಮಾಡಿ ಹತ್ತೋ ಅಷ್ಟೊತ್ತಿಗೆ ಕಟ್ಟಾಗಿರುತ್ತೆ. 28 ದಿನದ ಪ್ಯಾಕ್ ಅಂದ್ರೆ ವರ್ಷಕ್ಕೆ 12 ಅಲ್ಲ 13 ಸಲ ರೀಚಾರ್ಜ್, ಇಬ್ರಿಗೂ ನಾನೇ ಹಾಕ್ಬೇಕು. ತಂಗಿ ಓದಿಗೆ ಅಂತ ಕೇಬಲ್‌ನವ್ರ ಹತ್ರ ವೈಫೈ ಹಾಕ್ಸಿದೀವಿ. ಅದ್ರಲ್ಲೇ ವಾಟ್ಸಾಪ್ ಕಾಲ್ ಮಾಡ್ಕೊಂಡು ರೀಚಾರ್ಜ್ ಬಿಟ್ಬಿಟ್ರೆ ಹೆಂಗೆ? ಅಣ್ಣ ದುಬೈಯಲ್ಲಿದಾನೆ, ಅಮ್ಮಂದು ಕೀಪ್ಯಾಡ್ ಫೋನು.

ಕೊಬ್ಬರಿ_ತಿಪಟೂರು:
ಬಿಡ್ಬೇಡಿ ಗುರುವೇ. ನಾನು ಅದೇ ಬುದ್ಧಿ ಉಪಯೋಗ್ಸಿ ನಮ್ಮಪ್ಪನ ಸಿಮ್ ಖಾಲಿ ಬಿಟ್ಟೆ, ಸ್ವಲ್ಪ ದಿನಕ್ಕೆ ಇನ್‌ಕಮಿಂಗೂ ಬಂದ್ ಆಯ್ತು, ಬ್ಯಾಂಕ್ ಓಟಿಪಿ ಬರಲ್ಲ, ಗ್ಯಾಸ್ ಬುಕ್ ಆಗಲ್ಲ, ಕೊಬ್ಬರಿ ಮಂಡಿಯವ್ರು ರೇಟ್ ಹೇಳೋಕೆ ಫೋನ್ ಮಾಡಿ ಮಾಡಿ ಬೇರೆಯವ್ರ ಮಾಲು ತಗೊಂಡ್ರು. ಮಂಡಿಯವ್ರು ವಾಟ್ಸಾಪಲ್ಲಿ ಕಾಲ್ ಮಾಡ್ತಾರಾ? ಇನ್ನೊಂದು, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ವಾಟ್ಸಾಪಿಂದ 112ಕ್ಕೆ ಫೋನ್ ಹೋಗಲ್ಲ. ಕರೆಂಟ್ ಹೋದ್ರೆ ರೂಟರ್ರೂ ಆಫ್. ಹಳ್ಳಿ ಕರೆಂಟ್ ಬಗ್ಗೆ ನಿಮಗೆ ನಾನು ಹೇಳ್ಬೇಕಾ.

ಶಿರಾ_ಸರ್ಕಲ್:
ಸಿಗ್ನಲ್ ಸಮಸ್ಯೆಗೆ ವಾಟ್ಸಾಪ್ ಯಾಕೆ, ಅಪ್ಪನ ಫೋನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. 2019ರ ಡಿಸೆಂಬರಲ್ಲಿ ಏರ್‌ಟೆಲ್, ಆಮೇಲೆ 2020ರ ಜನವರೀಲಿ ಜಿಯೋ ಶುರು ಮಾಡಿದ್ದು. ಸೆಟ್ಟಿಂಗ್ಸಲ್ಲಿ ಸಿಮ್ ಕಡೆ ಹೋದ್ರೆ ಇರುತ್ತೆ, ಎಲ್ಲಾ ಫೋನಲ್ಲೂ ಇರಲ್ಲ ಅದನ್ನ ನೋಡ್ಕೊಳಿ. ಟವರ್ ಬದ್ಲು ಮನೆ ವೈಫೈ ಮೇಲೇ ಮಾಮೂಲಿ ನಂಬರಿಗೆ ಮಾಮೂಲಿ ಕಾಲ್ ಬರುತ್ತೆ, ಆ ಕಡೆಯವ್ರಿಗೆ ಗೊತ್ತೂ ಆಗಲ್ಲ, ಆಪೂ ಬೇಡ. ಆದ್ರೆ ಪ್ಲಾನ್ ಚಾಲ್ತೀಲಿ ಇರ್ಲೇಬೇಕು.
ದುಬೈ ಅಣ್ಣಂಗೆ ವಾಟ್ಸಾಪಲ್ಲಿ ಮೆಸೇಜ್ ಹೋಗುತ್ತೆ, ಕಾಲ್ ಅಲ್ಲಿ ಬ್ಲಾಕು. ಅಲ್ಲಿರೋರು ಬೋಟಿಮ್ ಅನ್ನೋ ಕಾಲಿಂಗ್ ಆಪ್ ಹಾಕ್ಕೊಂಡಿರ್ತಾರೆ, ಅಪ್ಪನ ಫೋನಿಗೂ ಅದನ್ನೇ ಹಾಕಿ.

ಅಂಗಡಿ_ಗುಬ್ಬಿ:
ರೀಚಾರ್ಜ್ ಅಂಗಡಿ ಇಟ್ಟೋನು ಹೇಳ್ತಿದೀನಿ, ಕೀಪ್ಯಾಡ್ ಫೋನಿಗೆ ದಿನಾ ಒಂದೂವರೆ ಜಿಬಿ ಹಾಕ್ಸೋದು ದಂಡ ಕಣ್ರೀ. ಫೋನ್ ಕಂಪ್ನಿಗಳಿಗೆ ರೂಲ್ ಮಾಡೋ ಟ್ರಾಯ್ 2024ರ ಡಿಸೆಂಬರಲ್ಲಿ ರೂಲ್ ಮಾಡ್ತು, ಡೇಟಾ ಇಲ್ದೆ ಬರೀ ಕಾಲು ಎಸ್ಸೆಮ್ಮೆಸ್ ಇರೋ ಪ್ಯಾಕ್ ಕೊಡ್ಲೇಬೇಕು ಅಂತ, ವ್ಯಾಲಿಡಿಟಿ 365 ದಿನದವರ್ಗೂ ಇಡಬಹುದು ಅಂತ. ಈಗ ಅವು ಬಂದಿದಾವೆ, ಆದ್ರೆ ಕೇಳಿದೋರಿಗೆ ಮಾತ್ರ ತೋರ್ಸೋದು, ಆಪಲ್ಲೂ ಮೂಲೇಲಿ ಇರುತ್ತೆ, ಹುಡುಕ್ಬೇಕು. ಅಮ್ಮಂಗೆ ಅಂಥದ್ದೊಂದು ಹಾಕ್ಬಿಡಿ, ತಿಂಗ್ತಿಂಗ್ಳು ತಲೆನೋವಿರಲ್ಲ. ಅಪ್ಪಂಗೂ ಮನೇಲಿ ವೈಫೈ ಐತೆ ಅಂದ್ರೆ ಅದೇ ಸಾಕು, ತೋಟದಲ್ಲಿ ನಿಂತು ವಿಡಿಯೋ ನೋಡೋ ಚಟ ಇಲ್ದಿದ್ರೆ.

ಮಧುಗಿರಿ_ಬೆಟ್ಟ:
ಚಟ ಐತೆ ಸಾರ್, ಅದೇ ತೊಂದ್ರೆ 😄 ಅವ್ರದ್ದು ಡೇಟಾ ಪ್ಯಾಕೇ ಇರ್ಲಿ. ಅಮ್ಮಂಗೆ ಬರೀ ಕಾಲಿಂದು ಹಾಕ್ದೆ. ಭಾನ್ವಾರ ಊರಿಗೆ ಹೋಗಿ ವೈಫೈ ಕಾಲಿಂಗೂ ಆನ್ ಮಾಡ್ದೆ, ನಡುಮನೇಲಿ ಕೂತ್ಕೊಂಡೇ ಚೆನ್ನಾಗಿ ಕೇಳ್ಸುತ್ತೆ. ಅಪ್ಪ ಮಾತ್ರ ಫೋನ್ ರಿಂಗಾದ್ರೆ ಈಗ್ಲೂ ಎದ್ದು ಮಾಡಿ ಹತ್ತೋಕೆ ಹೊರಡ್ತಾರೆ.