ಅಡಿಲೇಡ್ ಪ್ರಾಕ್ಟರ್ ಬೇರೆ ಹೆಸರಲ್ಲಿ ಕವಿತೆ ಕಳಿಸಿದ್ದು ಯಾಕೆ?

ಸಂಜೆಮಲ್ಲಿಗೆ:
ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಬಗ್ಗೆ ಓದುತ್ತಾ ಈ ಕವಯಿತ್ರಿಯ ಹೆಸರು ಸಿಕ್ಕಿತು. 1853ರಲ್ಲಿ ಡಿಕನ್ಸ್ ನಡೆಸುತ್ತಿದ್ದ 'ಹೌಸ್‌ಹೋಲ್ಡ್ ವರ್ಡ್ಸ್' ವಾರಪತ್ರಿಕೆಗೆ 'ಮೇರಿ ಬರ್ವಿಕ್' ಅಂತ ಹೆಸರು ಹಾಕಿ ಕವಿತೆ ಕಳಿಸಿದರಂತೆ. ಆ ಕಾಲದ ಲೇಖಕಿಯರು ಗಂಡಸರ ಹೆಸರು ಇಟ್ಟುಕೊಳ್ಳುತ್ತಿದ್ದದ್ದು ಗೊತ್ತು, ಜಾರ್ಜ್ ಎಲಿಯಟ್ ಇದ್ದಾರಲ್ಲ. ಆದರೆ ಇದು ಹೆಂಗಸಿನ ಹೆಸರೇ ಅಲ್ವಾ? ಮತ್ತೆ ಮುಚ್ಚಿಟ್ಟಿದ್ದು ಏನನ್ನ?

ಹಳೇಪುಸ್ತಕ:
ಅಪ್ಪ ಯಾರು ಅನ್ನೋದನ್ನ. ಅಪ್ಪ ಬ್ರಯಾನ್ ಪ್ರಾಕ್ಟರ್ ಕೂಡ ಕವಿ, 'ಬ್ಯಾರಿ ಕಾರ್ನ್‌ವಾಲ್' ಅಂತ ಬರೆಯುತ್ತಿದ್ದರು, ಡಿಕನ್ಸ್‌ಗೆ ಬಹಳ ಬೇಕಾದವರು. ಸ್ವಂತ ಹೆಸರಲ್ಲಿ ಕಳಿಸಿದರೆ, ಕವಿತೆ ಹಿಡಿಸದಿದ್ದಾಗ ವಾಪಸ್ ಕಳಿಸೋಕೆ ಡಿಕನ್ಸ್‌ಗೆ ಸಂಕಟ, ಇಲ್ಲಾ ಅಪ್ಪನ ಮುಖ ನೋಡಿ ಹಾಕಿಬಿಡುತ್ತಾರೆ. ಎರಡೂ ಬೇಡ, ಗುರುತಿಲ್ಲದವರ ಸಾಲಲ್ಲೇ ನಿಲ್ಲುತ್ತೇನೆ ಅಂತ ಅಡಿಲೇಡ್ ನಿರ್ಧರಿಸಿದ್ದರು. ವಿಳಾಸ ಕೂಡ ಮನೆಯದಲ್ಲ, ಲಂಡನ್ನಿನ ಒಂದು ಬಾಡಿಗೆ ಲೈಬ್ರರಿಯದು! ಪತ್ರಿಕೆಯವರು ಇವರನ್ನ ಯಾರದೋ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು ಅಂತಲೇ ಅಂದುಕೊಂಡಿದ್ದರು. 1854ರ ಡಿಸೆಂಬರಿನಲ್ಲಿ ಡಿಕನ್ಸ್ ಕ್ರಿಸ್‌ಮಸ್ ಸಂಚಿಕೆಯ ಪ್ರೂಫ್ ಹಿಡಿದುಕೊಂಡು ಪ್ರಾಕ್ಟರ್ ಮನೆಗೆ ಊಟಕ್ಕೆ ಹೋದರು. ಇದರಲ್ಲಿ ಮಿಸ್ ಬರ್ವಿಕ್ ಅನ್ನೋರ ಚೆಂದದ ಕವಿತೆ ಇದೆ ಅಂತ ಅಡಿಲೇಡ್ ಅವರ ಅಮ್ಮನ ಹತ್ತಿರ ಹೇಳಿದರು. ಬರೆದವರು ಅಲ್ಲೇ ಇದ್ದರು. ವಿಷಯ ಡಿಕನ್ಸ್‌ಗೆ ತಿಳಿದದ್ದು ಮಾರನೇ ದಿನ.

ಕಾಗದದೋಣಿ:
ಒಂದು ಮಾತು ಸೇರಿಸುತ್ತೇನೆ. ಆ ಪತ್ರಿಕೆಯಲ್ಲಿ ಬರೆದವರ ಹೆಸರು ಹಾಕುತ್ತಲೇ ಇರಲಿಲ್ಲ, ಕಾಣುತ್ತಿದ್ದದ್ದು ಡಿಕನ್ಸ್ ಹೆಸರು ಮಾತ್ರ. ಅಂದರೆ ಮೇರಿ ಬರ್ವಿಕ್ ಅನ್ನೋ ಹೆಸರು ಓದುಗರಿಗಾಗಿ ಇಟ್ಟದ್ದೇ ಅಲ್ಲ, ಸಂಪಾದಕರಿಗಾಗಿ. ನನಗೆ ಈ ಹಟ ತುಂಬಾ ಇಷ್ಟ. 1858ರಲ್ಲಿ 'ಲೆಜೆಂಡ್ಸ್ ಅಂಡ್ ಲಿರಿಕ್ಸ್' ಸಂಕಲನ ಸ್ವಂತ ಹೆಸರಲ್ಲೇ ಬಂತು.

ಸಂಜೆಮಲ್ಲಿಗೆ:
ಇಬ್ಬರಿಗೂ ಥ್ಯಾಂಕ್ಸ್! ಓದೋಕೆ ಯಾವುದರಿಂದ ಶುರು ಮಾಡಲಿ? ಬರೀ ಭಾವುಕ ಕವಿತೆಗಳು ಅಂತ ಯಾರೋ ಹೇಳಿದರು.

ಹಳೇಪುಸ್ತಕ:
ಹಾಗೆ ಹೇಳೋರು ಜಾಸ್ತಿ, ನಾನು ಒಪ್ಪಲ್ಲ. 'ಹೋಮ್‌ಲೆಸ್' ಓದಿ. ನಡುರಾತ್ರಿ, ಚಳಿ, ಬೀದಿಯಲ್ಲಿ ಪುಟ್ಟ ಹೆಜ್ಜೆ ಸದ್ದು. ಅದು ನಿಮ್ಮ ನಾಯಿಯಾ ಅಂತ ಸಿರಿವಂತ ಹೆಂಗಸನ್ನ ಕೇಳುತ್ತಾರೆ. ಇಲ್ಲ, ನಾಯಿಗಳು ಬೆಚ್ಚಗೆ ಮಲಗಿವೆ. ಕಳ್ಳರಿಗೆ ಜೈಲಿನ ಸೂರಿದೆ, ವ್ಯಾಪಾರಿಯ ಸರಕಿಗೂ ಕಾವಲಿದೆ. ಹೊರಗಿರೋದು ಬಡವರು ಮಾತ್ರ. ಈ ಕವಿತೆ ಇರುವ 1862ರ 'ಎ ಚಾಪ್ಲೆಟ್ ಆಫ್ ವರ್ಸಸ್' ಪುಸ್ತಕದ ಹಣವೆಲ್ಲ ಲಂಡನ್ನಿನಲ್ಲಿ ಮನೆಯಿಲ್ಲದ ಹೆಂಗಸರು, ಮಕ್ಕಳು ರಾತ್ರಿ ತಂಗುವ ಆಶ್ರಯಕ್ಕೆ ಹೋಯಿತು. ಎರಡೇ ವರ್ಷಕ್ಕೆ ಅವರು ಕ್ಷಯದಿಂದ ತೀರಿಕೊಂಡರು, 38 ವರ್ಷ.