ರ‍್ಯಾಮ್ ಕೂತಿತು, ಡಿಸ್‌ಪ್ಲೇ ಬರಲಿಲ್ಲ

ಕೇಳಿದ್ದು: ನನ್ನದು 2014ರ ಲ್ಯಾಪ್‌ಟಾಪ್, ಐ5-4210ಯು ಪ್ರೊಸೆಸರ್, 4 ಜಿಬಿ ರ‍್ಯಾಮ್. ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 (ಮೂರನೇ ಪೀಳಿಗೆಯ ರ‍್ಯಾಮ್) ಸ್ಟಿಕ್ ತಂದು ಖಾಲಿ ಸ್ಲಾಟಿಗೆ ಹಾಕಿದೆ. ಚೆನ್ನಾಗೇ ಕೂತಿತು, ಆದರೆ ಡಿಸ್‌ಪ್ಲೇ ಇಲ್ಲ. ಕ್ಯಾಪ್ಸ್ ಲಾಕ್ ದೀಪ ಮಾತ್ರ ಮಿಣುಕುತ್ತೆ. ತೆಗೆದರೆ ಎಲ್ಲ ಮೊದಲಿನ ಹಾಗೆ. ಕೆಟ್ಟಿರೋದು ಸ್ಟಿಕ್ಕಾ, ಸ್ಲಾಟಾ? ಗೊತ್ತಿರೋರು ದಯವಿಟ್ಟು ಹೇಳಿ.

ಮೈಸೂರಿನಿಂದ: ಎರಡೂ ಕೆಟ್ಟಿರಲಿಕ್ಕಿಲ್ಲ. ಸ್ಟಿಕರ್ ಮೇಲೆ ಏನು ಬರೆದಿದೆ ನೋಡಿ. ‘ಪಿಸಿ3ಎಲ್-12800ಎಸ್’ ಅಂತಿದ್ದರೆ ಅದು 1.35 ವೋಲ್ಟಿನದು. ‘ಎಲ್’ ಇಲ್ಲದೆ ಬರೀ ‘ಪಿಸಿ3-12800ಎಸ್’ ಅಂತಿದ್ದರೆ 1.5 ವೋಲ್ಟಿನದು. ನಿಮ್ಮದು ನಾಲ್ಕನೇ ಜನರೇಶನ್ ಯು ಸರಣಿಯ ಚಿಪ್, ಇಂಟೆಲ್ ಅದಕ್ಕೆ ಹೇಳಿರೋದು ಡಿಡಿಆರ್3ಎಲ್, ಅಂದರೆ ಆ 1.35 ವೋಲ್ಟಿನದು, ಸ್ಪೀಡ್ 1333 ಅಥವಾ 1600. ಬೋರ್ಡು ಕೊಡೋದೇ 1.35 ವೋಲ್ಟು, 1.5 ಬೇಕಾದ ಸ್ಟಿಕ್ ಅಷ್ಟರಲ್ಲಿ ಏಳಲ್ಲ.

ಮೋಸ ಹೋಗೋದು ಎಲ್ಲಿ ಅಂದರೆ, ಎರಡಕ್ಕೂ 204 ಪಿನ್, ಕಚ್ಚು ಇರೋ ಜಾಗವೂ ಒಂದೇ. ಮುಂದಿನ ಪೀಳಿಗೆಯ ಡಿಡಿಆರ್4 ಆಗಿದ್ದರೆ ಸ್ಲಾಟೇ ಬೇಡ ಅಂತ ತಡೆದುಬಿಡುತ್ತಿತ್ತು, ಅದಕ್ಕೆ 260 ಪಿನ್. ಇಲ್ಲಿ ತಡೆಯೋರೇ ಇಲ್ಲ. ಇದರ ತಿರುವುಮುರುವು ನಡೆಯುತ್ತೆ: ಎರಡನೇ ಜನರೇಶನ್ನಿನ ಹಳೇ ಲ್ಯಾಪ್‌ಟಾಪಿಗೆ ಎಲ್ ಸ್ಟಿಕ್ ಹಾಕಿದರೆ 1.5ರಲ್ಲೂ ತಕರಾರಿಲ್ಲದೆ ಓಡುತ್ತೆ. ಅದಕ್ಕೇ ಡ್ರಾಯರಿನಲ್ಲಿ ಒಂದೇ ಸ್ಟಿಕ್ ಇಟ್ಟುಕೊಳ್ಳೋದಾದರೆ ನಾನು ಎಲ್‌ದನ್ನೇ ಇಟ್ಟುಕೊಳ್ಳುತ್ತೇನೆ.

ಹುಬ್ಬಳ್ಳಿಯಿಂದ: ನಂದು ಡೆಸ್ಕ್‌ಟಾಪ್ ಕತಿ ರೀ. ಆರನೇ ಜನರೇಶನ್ ಐ3-6100, ಡಿಡಿಆರ್3 ಸ್ಲಾಟ್ ಇದ್ದ ಎಚ್110 ಬೋರ್ಡು. ಹಳೇ ಪಿಸಿಯೊಳಗಿನ 1.5 ವೋಲ್ಟ್ ಸ್ಟಿಕ್ ಬಿಚ್ಚಿ ಇದಕ್ಕ ಹಾಕಿದೆ, ರೊಕ್ಕ ಉಳೀತು ಅಂತ ಖುಷಿಪಟ್ಟೆ. ಚಾಲೂನೂ ಆತು. ಆಮ್ಯಾಲೆ ಪ್ರೊಸೆಸರಿನ ಮಾಹಿತಿ ಓದಿದೆ: ಡಿಡಿಆರ್4 ಆದ್ರ 1.2 ವೋಲ್ಟು, ಡಿಡಿಆರ್3ಎಲ್ ಆದ್ರ 1.35. ರ‍್ಯಾಮ್ ನಡಸೂ ಮೆಮೊರಿ ಕಂಟ್ರೋಲರ್ ಈಗ ಬೋರ್ಡ್ ಮ್ಯಾಲೆ ಇರಂಗಿಲ್ಲ, ಪ್ರೊಸೆಸರಿನ ಒಳಗ ಐತಿ. ವೋಲ್ಟೇಜ್ ಹೆಚ್ಚಾದ್ರ ದಿನಾ ಹೋದಂಗ ಪೆಟ್ಟು ಬೀಳೂದು ಅದಕ್ಕನ. ರ‍್ಯಾಮ್ ಹೋದ್ರ ರ‍್ಯಾಮಷ್ಟ ಹೋಗ್ತದ, ಪ್ರೊಸೆಸರ್ ಹೋದ್ರ? ನಂದೇನೂ ಸುಟ್ಟಿಲ್ಲ ಬಿಡ್ರಿ, ಆದ್ರ ಅವತ್ತ ಬಿಚ್ಚಿ ಎಲ್ ಸ್ಟಿಕ್ ಹಾಕಿದೆ. ಚಾಲೂ ಆತು ಅಂದ್ರ ಹೊಂದ್ತು ಅಂತ ಅಲ್ರೀ.

ಮಂಗಳೂರಿನಿಂದ: ವೋಲ್ಟೇಜ್ ಆಯಿತು, ಸ್ಪೀಡ್ ಬಗ್ಗೆ ನನ್ನದೊಂದು. ಸ್ಪೀಡ್ ತಪ್ಪಿದರೆ ಸಾಮಾನ್ಯವಾಗಿ ಏನೂ ಹಾಳಾಗುವುದಿಲ್ಲ, ಕೊಟ್ಟ ದುಡ್ಡು ವ್ಯರ್ಥ ಅಷ್ಟೆ. 1333 ಮತ್ತು 1600 ಜೊತೆ ಹಾಕಿದರೆ ಎರಡೂ 1333ಕ್ಕೇ ಇಳಿಯುತ್ತವೆ. ನಾನು ರೈಜನ್ 5 3400ಜಿ ಜೊತೆ 3600ರ ಡಿಡಿಆರ್4 ಜೋಡಿ ತೆಗೆದುಕೊಂಡೆ. ಆ ಪ್ರೊಸೆಸರಿಗೆ ಎಎಂಡಿ ಹೇಳಿರುವುದು 2933. ಹೆಸರಿನಲ್ಲಿ ಮೂರು ಸಾವಿರ ಇದ್ದರೂ ಒಳಗಿರುವುದು ಹಿಂದಿನ ತಲೆಮಾರಿನ ಝೆನ್ ಪ್ಲಸ್ ವಿನ್ಯಾಸ. ಮೊದಲು ಟಾಸ್ಕ್ ಮ್ಯಾನೇಜರ್ 2133 ತೋರಿಸಿತು. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ಕಿನ ಮೇಲೆ ಬರೆದ ಸ್ಪೀಡಿಗೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದೆ, ಸ್ಟಿಕ್ 1.2ರಿಂದ 1.35 ವೋಲ್ಟಿಗೆ ಏರಿತು (ಡಿಡಿಆರ್4 ಎಕ್ಸ್‌ಎಂಪಿಯಲ್ಲಿ ಅದು ಮಾಮೂಲಿ, ಗಾಬರಿ ಬೇಡ). 3600ರಲ್ಲಿ ವಿಂಡೋಸ್ ನೀಲಿ ಪರದೆ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್‌ನಲ್ಲಿ ಸಾಲು ಸಾಲು ಎರರ್. ಕೈಯಾರೆ 3200ಕ್ಕೆ ಇಳಿಸಿದ ಮೇಲೆ ರಾತ್ರಿಯಿಡೀ ಓಡಿಸಿದರೂ ಒಂದೂ ಎರರ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗ್ರಾಫಿಕ್ಸ್‌ಗೂ ಇದೇ ರ‍್ಯಾಮ್ ಬಳಕೆಯಾಗುವುದರಿಂದ ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಂಡಿತು.

ರ‍್ಯಾಮ್ ವಿವರ ತೋರಿಸುವ ಸಿಪಿಯು-ಝೆಡ್ ತಂತ್ರಾಂಶದಲ್ಲಿ ನೋಡುವವರಿಗೊಂದು ಮಾತು: 1600ರ ಸ್ಟಿಕ್ಕಿಗೆ ಅಲ್ಲಿ 800 ಅಂತ ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಡಿಡಿಆರ್ ಅಂದರೆ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ, 800 ಅಂದರೆ 1600 ಎಂದೇ ಲೆಕ್ಕ. ನಾನು ಜಗಳ ಮಾಡಿ ಬಂದವನು.

ಕೇಳಿದವರು: ಮೈಸೂರಿನವರು ಹೇಳಿದ್ದೇ ಸರಿ. ಸ್ಟಿಕರ್ ಮೇಲೆ ‘ಎಲ್’ ಇಲ್ಲ. ಅಂಗಡಿಯವರು ಗೊಣಗಿಕೊಂಡೇ ಬದಲಾಯಿಸಿ ಕೊಟ್ಟರು, ಮೇಲೆ ಇನ್ನೂರು ರೂಪಾಯಿ ಇಸ್ಕೊಂಡರು. ಹಾಕಿದ ತಕ್ಷಣ ಡಿಸ್‌ಪ್ಲೇ ಬಂತು, ಈಗ 8 ಜಿಬಿ ತೋರಿಸ್ತಿದೆ. ಒಂದೇ ಅನುಮಾನ: ಹಳೇದು ಒಂದು ಕಂಪನಿ, ಹೊಸದು ಇನ್ನೊಂದು. ಪರವಾಗಿಲ್ವಾ?

ಮೈಸೂರಿನಿಂದ: ಪರವಾಗಿಲ್ಲ. ಎರಡೂ ಎಲ್, ಎರಡೂ 1600 ಆಗಿದ್ದರೆ ಸಾಕು. ಇವತ್ತು ರಾತ್ರಿ ಒಂದು ಸಲ ಮೆಮ್‌ಟೆಸ್ಟ್ ಹಾಕಿ ಮಲಗಿ. ಚಾರ್ಜರ್ ಸಿಕ್ಕಿಸೋದು ಮರೀಬೇಡಿ.